ಬರೆದರೆ ಕೆಲಸವೇ ನಡೆಯುವ ವಿಳಾಸ

ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟ್‌ಗಳಿವೆ. ಗೇಟು ಎತ್ತಿದ್ದು ‘ಎರಡು ಅಡಿ’ ಎಂದು ದಾಖಲೆ ಪುಸ್ತಕದಲ್ಲಿ ಬರೆದರೆ ನದಿಗೇನೂ ಆಗದು. ಹೊಡೆದುಹಾಕಿ ಮತ್ತೆ ಬರೆಯಬಹುದು. ಮಳೆಗಾಲದಲ್ಲಿ ಗೇಟುಗಳನ್ನೇ ಎತ್ತಿ ಹೆಚ್ಚು ನೀರು ಬಿಟ್ಟರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ ಸೇತುವೆಯ ಮೇಲೆ ನೀರು ಹರಿಯುತ್ತದೆ. ಕಂಪ್ಯೂಟರಿನೊಳಗೂ ಇಂಥ ಎರಡು ಬಗೆಯ ಬರವಣಿಗೆ ಇದೆ. ಪ್ರೊಸೆಸರಿನ ಕಣ್ಣಿಗೆ ಮಾತ್ರ ಎರಡೂ ಒಂದೇ ಥರ.

1970ರಲ್ಲಿ ಬಂದ ಪಿಡಿಪಿ-11 ಯಂತ್ರ, ಮೆಮೊರಿಗೂ ಸಾಧನಗಳಿಗೂ ಒಂದೇ ಸಾಲಿನ ವಿಳಾಸ ಕೊಡುವ ವಿಧಾನವನ್ನು ಜನಪ್ರಿಯಗೊಳಿಸಿತು. ಅದರಲ್ಲಿ ವಿಳಾಸಗಳ ಸಾಲಿನ ತುದಿಯ 8 ಕಿಲೋಬೈಟ್ ಸಾಧನಗಳಿಗೆ ಮೀಸಲು. ಅಲ್ಲಿಗೆ ಒಂದು ಸಂಖ್ಯೆ ಬರೆದರೆ ಅದು ಉಳಿಯುವುದು ಮೆಮೊರಿಯಲ್ಲಲ್ಲ, ನೇರ ಸಾಧನಕ್ಕೆ ಆಜ್ಞೆಯಾಗಿ ಹೋಗುತ್ತದೆ. ಓದುವುದೂ ಅಷ್ಟೇ: ಸೀರಿಯಲ್ ಪೋರ್ಟಿಗೆ ಬಂದ ಅಕ್ಷರವನ್ನು ಒಮ್ಮೆ ಓದಿದರೆ ಅದು ಅಲ್ಲಿಂದ ಖಾಲಿ.

ಹಾಗಾಗಿ ಲಿನಕ್ಸ್ ಕರ್ನಲ್‌ನಲ್ಲಿ ಮಾಮೂಲಿ ಮೆಮೊರಿಗೆ ‘ಮೆಮ್‌ಕಾಪಿ’, ಸಾಧನದ ಜಾಗಕ್ಕೆ ‘ಮೆಮ್‌ಕಾಪಿ_ಟುಐಒ’ ಎಂಬ ಬೇರೆ ಫಂಕ್ಷನ್ ಇದೆ. ಎರಡೂ ಮಾಡುವುದು ನಕಲನ್ನೇ ಅಲ್ಲವೇ ಎನ್ನಿಸಬಹುದು. 2010ರ ಹೊತ್ತಿಗೆ ಇಂಟೆಲ್ ಮಾದರಿಯ ಪ್ರೊಸೆಸರುಗಳ ಕರ್ನಲ್ ಕೋಡಿನಲ್ಲಿ ಹಾಗೆಯೇ ಅಂದುಕೊಂಡು ಎರಡನ್ನೂ ಒಂದು ಮಾಡಿದ್ದರು. ಆದರೆ ಮಾಮೂಲಿ ನಕಲಿಗೆ ಎಷ್ಟೆಷ್ಟು ಅಗಲದ ತುಂಡಾಗಿ ಸಾಗಿಸಬೇಕೆಂಬ ಕಟ್ಟುಪಾಡಿಲ್ಲ. ಕ್ಯಾಷ್ ಇಲ್ಲದ ಸಾಧನದ ಜಾಗದಲ್ಲಿ ಅದು ಒಂದೊಂದೇ ಬೈಟ್ ಸಾಗಿಸತೊಡಗಬಹುದು. ಪ್ರತಿ ಬೈಟಿಗೂ ಬಸ್ಸಿನ, ಅಂದರೆ ದತ್ತಾಂಶ ಸಾಗುವ ದಾರಿಯ, ಮೇಲೆ ಪ್ರತ್ಯೇಕ ಪ್ರಯಾಣ. ನಾಲ್ಕು ಬೈಟಿನ ಅಗಲವನ್ನೇ ನಿರೀಕ್ಷಿಸುವ ಸಾಧನಕ್ಕೆ ಒಂಟಿ ಬೈಟು ಅರ್ಥವೇ ಆಗದಿರಬಹುದು. 2019ರಲ್ಲಿ ಲಿನಕ್ಸ್‌ನ ಸೃಷ್ಟಿಕರ್ತ ಲೈನಸ್ ಟೋರ್ವಾಲ್ಡ್ಸ್ ಅವರೇ ಎರಡನ್ನೂ ಮತ್ತೆ ಬೇರೆ ಮಾಡಿದರು. ಎಆರ್‌ಎಂ ಪ್ರೊಸೆಸರುಗಳು ಇನ್ನೂ ಕಟ್ಟುನಿಟ್ಟು: ಸಾಧನವೆಂದು ಗುರುತಿಸಿದ ಜಾಗಕ್ಕೆ ಬರಹದ ಅಗಲಕ್ಕೆ ಹೊಂದದ, ಸಾಲು ತಪ್ಪಿದ ವಿಳಾಸದಲ್ಲಿ ಬರೆದರೆ ಅಲ್ಲೇ ದೋಷ ಸಾರಿ ನಿಲ್ಲುತ್ತವೆ.

ಅಗಲದಷ್ಟೇ ಮುಖ್ಯ ಕ್ರಮ. ಮೊದಲು ದತ್ತಾಂಶ ಸಾಧನವನ್ನು ತಲುಪಬೇಕು, ಆಮೇಲೆ ‘ಶುರು ಮಾಡು’ ಎಂಬ ಆಜ್ಞೆ. ವೇಗಕ್ಕಾಗಿ ಪ್ರೊಸೆಸರು ಬರಹಗಳನ್ನು ಒಟ್ಟುಗೂಡಿಸಿ ಕಳಿಸುವ ಜಾಗವಾದರೆ ಇವು ಹಿಂದುಮುಂದಾಗಬಹುದು. ಆಗ ಸಾಧನ ಹಳೆಯ ದತ್ತಾಂಶದ ಮೇಲೆಯೇ ಕೆಲಸ ಶುರುಮಾಡುತ್ತದೆ. ಅದನ್ನು ತಡೆಯಲೆಂದೇ ಡ್ರೈವರ್ ಬರೆಯುವವರು ನಡುವೆ ತಡೆ ಹಾಕುತ್ತಾರೆ. ಇಷ್ಟಾದರೂ ಪಿಸಿಐ ಬಸ್ಸಿನಲ್ಲಿ ಬರಹ ದಾರಿಯಲ್ಲೇ ಇರಬಹುದು. ಮುಟ್ಟಿತೆಂದು ಖಾತ್ರಿಯಾಗಬೇಕಾದರೆ ಅದೇ ಸಾಧನದಿಂದ ಏನನ್ನಾದರೂ ಓದಬೇಕು. ಆ ಓದು ಹಿಂದಿನ ಬರಹಗಳನ್ನು ಮುಂದೆ ತಳ್ಳಿಯೇ ಬರುತ್ತದೆ.

ಈ ಸೂಕ್ಷ್ಮಗಳು ನಮಗೇಕೆ? ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಂಪಗೆ ಕಾದ ಉಕ್ಕಿನ ಗಟ್ಟಿ ರೋಲರುಗಳ ನಡುವೆ ಹಾದು ತಗಡಾಗುತ್ತದೆ. ಇಂಥ ಗಿರಣಿಗಳಲ್ಲಿ ರೋಲರುಗಳ ಅಂತರವನ್ನು ಕ್ಷಣಕ್ಷಣಕ್ಕೂ ತಿದ್ದುವುದು ಕಂಪ್ಯೂಟರು. ನಮ್ಮ ಭಾಗದಲ್ಲಿ ಓದಿದ ಎಂಜಿನಿಯರುಗಳು ನಾಳೆ ನಿಲ್ಲುವುದು ಇಂಥ ಯಂತ್ರಗಳ ಪಕ್ಕದಲ್ಲೇ. ಸಿ ಭಾಷೆಯ ಪಾಠದಲ್ಲಿ ನಕಲೆಂದರೆ ನಕಲು ಎಂದಷ್ಟೇ ಹೇಳಿ ಮುಂದೆ ಹೋಗುವುದು ಸಾಲದು. ಒಂದೇ ಸಂಖ್ಯೆ ಒಂದೆಡೆ ಬರಿ ನೆನಪು, ಇನ್ನೊಂದೆಡೆ ಮೋಟಾರಿನ ತಿರುಗು ಎಂಬುದನ್ನು ಮೊದಲ ವರ್ಷದಲ್ಲೇ, ಕನ್ನಡದಲ್ಲೇ ಮನದಟ್ಟು ಮಾಡಿಸಬೇಕು.

ಅದಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ‘ಪ್ರಾಕ್’ ಫೋಲ್ಡರಿನ ‘ಐಒಮೆಮ್’ ಕಡತ ತೆರೆದರಾಯಿತು. ರೂಟ್ ಅಧಿಕಾರವಿಲ್ಲದೆ ತೆರೆದರೆ ವಿಳಾಸಗಳೆಲ್ಲ ಸೊನ್ನೆಯಾಗಿ ಕಾಣುತ್ತವೆ. ‘ಸಿಸ್ಟಮ್ ರ್‍ಯಾಮ್’ ಎಂದಿರುವ ಸಾಲುಗಳು ಮೆಮೊರಿ. ‘ಪಿಸಿಐ’ ಎಂದಿರುವ ಕಡೆ ಗ್ರಾಫಿಕ್ಸ್, ವೈಫೈ, ಡಿಸ್ಕ್ ನಿಯಂತ್ರಕಗಳು ಕುಳಿತಿವೆ. ಯಾವ ಸಾಧನ ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಎಂಬುದನ್ನು ವಿದ್ಯಾರ್ಥಿಗಳೇ ಬೆರಳಿಟ್ಟು ಗುರುತಿಸಲಿ.