ಮನೆ ಕೊಳ್ಳುವ ಮುನ್ನ ಒಂದು ಗುಂಡಿ ಒತ್ತಿ

ಹಳೆಯ ಮನೆ ನೋಡಲು ಬಂದವರು ನಲ್ಲಿ ತಿರುಗಿಸುತ್ತಾರೆ, ಗೋಡೆ ತಟ್ಟುತ್ತಾರೆ, ತಾರಸಿ ಹತ್ತಿ ಸೋರಿದ ಗುರುತು ಹುಡುಕುತ್ತಾರೆ. ಆಮೇಲೆ ಖಾತೆ, ಕಂದಾಯದ ರಸೀದಿ, ಇ.ಸಿ. ಕೇಳುತ್ತಾರೆ. ಕರೆಂಟಿನ ವಿಷಯಕ್ಕೆ ಬಂದರೆ ಒಂದು ಸ್ವಿಚ್ ಹಾಕುತ್ತಾರೆ. ದೀಪ ಹತ್ತಿತೆಂದರೆ ಪರೀಕ್ಷೆ ಮುಗಿಯಿತು. ಮೀಟರು ಯಾರ ಹೆಸರಲ್ಲಿದೆ, ಬಿಲ್ಲು ಬಾಕಿಯಿದೆಯೇ ಎಂದು ಕೇಳುವವರು ತುಂಬ ಜಾಗರೂಕರು. ಗೋಡೆಯೊಳಗಿನ ತಂತಿಗೆ ಎಷ್ಟು ವಯಸ್ಸು ಎಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿದೀಪ ಹತ್ತಿಸಿದ್ದು 1905ರಲ್ಲಿ. ನಂತರದ ದಶಕಗಳಲ್ಲಿ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳ ಮನೆಗಳಿಗೂ ತಂತಿ ಬಂತು. ತೇಗದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಕೂರಿಸಿದ ಆ ವೈರಿಂಗು ಕೆಲವು ಮನೆಗಳಲ್ಲಿ ಇನ್ನೂ ಕಾಣುತ್ತದೆ. ಆ ಕಾಲದ ತಂತಿಗೆ ರಬ್ಬರಿನ ಹೊದಿಕೆ. ಬಿಸಿಗೂ ಗಾಳಿಗೂ ಒಡ್ಡಿಕೊಂಡ ರಬ್ಬರು ವರ್ಷಗಳು ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ; ಕೆಲವು ಕಡೆ ಬಗ್ಗಿಸಿದರೆ ಸಾಕು, ಪುಡಿಪುಡಿ ಉದುರುತ್ತದೆ. ಹಾಗೆಂದು ದೀಪವೇನೂ ಆರುವುದಿಲ್ಲ. ತಾಮ್ರ ಇರುವತನಕ ಕರೆಂಟು ಹರಿಯುತ್ತಲೇ ಇರುತ್ತದೆ, ಮನೆಯವರಿಗೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ.

ಆ ತಂತಿಗಳನ್ನು ಎಳೆದಾಗ ಮನೆಯಲ್ಲಿ ಇದ್ದದ್ದು ನಾಲ್ಕಾರು ಬಲ್ಬು, ಒಂದೆರಡು ಫ್ಯಾನು, ಒಂದು ರೇಡಿಯೊ. 40 ವ್ಯಾಟಿನ 20 ಬಲ್ಬು ಒಟ್ಟಿಗೆ ಉರಿದರೂ ಸುಮಾರು 3.5 ಆಂಪಿಯರ್. ಇಂದು 2,000 ವ್ಯಾಟಿನ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣ: ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ತಾಮ್ರದ ಅಭಾವವಿದ್ದ ಕಾಲದಲ್ಲಿ ಕಟ್ಟಿದ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿಯೂ ಸಿಗುತ್ತದೆ. ಅದು ಮೆತ್ತನೆಯ ಲೋಹ. ಸ್ಕ್ರೂ ಒತ್ತಿದ ಜಾಗದಲ್ಲಿ ನಿಧಾನವಾಗಿ ಹಿಂಡಿಕೊಂಡು ಸಡಿಲವಾಗುತ್ತದೆ, ಮೇಲ್ಮೈಯಲ್ಲಿ ಕರೆಂಟು ಹಾಯಲು ಬಿಡದ ಆಕ್ಸೈಡ್ ಪೊರೆ ಕಟ್ಟುತ್ತದೆ. ಸ್ವಿಚ್ಚಿನ ಹಿಂದಿನ ಪ್ಲಾಸ್ಟಿಕ್ಕು ಕಂದಿದ್ದರೆ, ಸುಟ್ಟ ವಾಸನೆ ಸುಳಿದರೆ ಅಂಥ ಸಡಿಲ ಜೋಡಣೆಯನ್ನು ಶಂಕಿಸಬೇಕು.

ಫ್ಯೂಸ್ ಇದೆಯಲ್ಲ, ಏನೂ ಆಗುವುದಿಲ್ಲ ಎಂದು ಹಿರಿಯರು ಧೈರ್ಯ ಹೇಳುತ್ತಾರೆ. ಪಿಂಗಾಣಿಯ ಆ ಫ್ಯೂಸು ತಂತಿಯನ್ನು ಬೆಂಕಿಯಿಂದ ಕಾಯಲು ಹುಟ್ಟಿದ್ದು, ಮನುಷ್ಯನನ್ನು ಕಾಯಲು ಅದಕ್ಕೆ ಆಗುವುದಿಲ್ಲ. ಒದ್ದೆ ಕಾಲಲ್ಲಿ ನಿಂತು ಫೇಸ್ ತಂತಿ ಮುಟ್ಟಿದವರ ಮೈಯಲ್ಲಿ ಸುಮಾರು 0.15 ಆಂಪಿಯರ್ ಹರಿಯಬಹುದು. ಇದು 40 ವ್ಯಾಟಿನ ಬಲ್ಬು ಎಳೆಯುವುದಕ್ಕಿಂತ ಕಡಿಮೆ. 5 ಆಂಪಿಯರಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಹೃದಯದ ಬಡಿತ ಕೆಡಿಸಿ ಪ್ರಾಣ ತೆಗೆಯಲು ಅಷ್ಟು ಸಾಕು.

ಈ ಅಂತರ ತುಂಬುವ ಯಂತ್ರವೇ ಆರ್‌ಸಿಸಿಬಿ. ಮೇನ್ ಬೋರ್ಡಿನಲ್ಲಿ ಎಂಸಿಬಿಗಳ ಪಕ್ಕದಲ್ಲಿ ಒಂದು ಪುಟ್ಟ ಗುಂಡಿಯೊಂದಿಗೆ ಕೂತಿರುತ್ತದೆ. ಅದರ ಕೆಲಸ ಲೆಕ್ಕ ಇಡುವುದು. ಒಳಗೊಂದು ಕಾಂತೀಯ ಉಂಗುರವಿದೆ. ಮನೆಯೊಳಕ್ಕೆ ಹೋಗುವ ಫೇಸ್, ಹಿಂದಿರುಗುವ ನ್ಯೂಟ್ರಲ್ ಎರಡೂ ಆ ಉಂಗುರದ ನಡುವೆ ಹಾಯುತ್ತವೆ. ಹೋದಷ್ಟೇ ಕರೆಂಟು ಹಿಂದೆ ಬಂದರೆ ಎರಡರ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಉಂಗುರ ಸುಮ್ಮನಿರುತ್ತದೆ. ಒದ್ದೆ ಗೋಡೆಯ ಮೂಲಕವೋ ಮಗುವಿನ ಮೈ ಮೂಲಕವೋ ಒಂದಿಷ್ಟು ಕರೆಂಟು ನೆಲಕ್ಕೆ ಇಳಿಯಿತೆನ್ನಿ, ಹಿಂದಿರುಗುವ ಲೆಕ್ಕ ತಪ್ಪುತ್ತದೆ. ಉಳಿದ ಕಾಂತಕ್ಷೇತ್ರವು ಉಂಗುರಕ್ಕೆ ಸುತ್ತಿದ ಮೂರನೆಯ ಸುರುಳಿಯಲ್ಲಿ ಕರೆಂಟು ಹುಟ್ಟಿಸಿ ಕೊಂಡಿ ಕಳಚುತ್ತದೆ. ಮನೆ ಬಳಕೆಯ ಆರ್‌ಸಿಸಿಬಿಗೆ 0.03 ಆಂಪಿಯರ್ ವ್ಯತ್ಯಾಸ ಸಾಕು, ಅದು 0.3 ಸೆಕೆಂಡಿನೊಳಗೆ ಬೀಳಬೇಕು. ಸೋರಿಕೆ ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ. ಮನುಷ್ಯದೇಹ ಎಷ್ಟು ಕರೆಂಟು ತಾಳೀತೆಂದು ವರ್ಷಗಟ್ಟಲೆ ಅಧ್ಯಯನ ಮಾಡಿದ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಝೀಲ್ 1961ರಲ್ಲಿ ಇದೇ ತತ್ತ್ವದ ಸಾಧನ ರೂಪಿಸಿದರು. ಜೀವಗಳ ಬಗ್ಗೆ ಅಕ್ಕರೆಯಿಲ್ಲದೆ ಇಂಥ ಯಂತ್ರ ಹುಟ್ಟಲಾರದು ಎಂದು ನನಗೆ ಅನಿಸುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಮಾತ್ರ ಅದು ಗುರುತಿಸಲಾರದು. ಅದಕ್ಕೆ ಮನುಷ್ಯನೂ ಒಂದು ಬಲ್ಬಿನಂತೆಯೇ ಕಾಣುತ್ತಾನೆ.

ಹಳೆಯ ಮನೆಗೆ ಹೊಸ ಆರ್‌ಸಿಸಿಬಿ ಹಾಕಿದರೆ ಅನೇಕ ಸಲ ಅದು ನಿಲ್ಲುವುದೇ ಇಲ್ಲ, ಮಳೆಗಾಲದಲ್ಲಂತೂ ದಿನಕ್ಕೆ ನಾಲ್ಕು ಸಲ ಟ್ರಿಪ್ ಆಗುತ್ತದೆ. "ಇದೇ ಸರಿಯಿಲ್ಲ, ತೆಗೆದು ನೇರ ಕೊಟ್ಟುಬಿಡ್ತೀನಿ" ಎನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ದಯವಿಟ್ಟು ತಡೆಯಿರಿ. ಬಿರುಕು ಬಿಟ್ಟ ಹೊದಿಕೆಯಿಂದ ಸೋರುವ ಕರೆಂಟನ್ನು ಅದು ಹಿಡಿಯುತ್ತಿರಬಹುದು. ಯಾವುದೋ ಕಾಲದಲ್ಲಿ ಯಾರೋ ಒಂದು ಕೋಣೆಯ ನ್ಯೂಟ್ರಲನ್ನು ಇನ್ನೊಂದು ಲೈನಿಗೆ ಸೇರಿಸಿದ್ದೂ ಇರಬಹುದು.

ಹಳೆಯ ತಂತಿಯಿಂದ ಮನೆಯ ಬೆಲೆ ಇಳಿಯುತ್ತದೆಯೇ? ಕೆಡವಿ ಹೊಸದು ಕಟ್ಟಲೆಂದೇ ಕೊಳ್ಳುವವರಿಗೆ ಹಳೆಯ ತಂತಿ ಲೆಕ್ಕಕ್ಕಿಲ್ಲ. ಅವರು ಕೊಡುವುದು ನೆಲದ ಬೆಲೆ. ಫ್ಲ್ಯಾಟಿನ ಮಾತು ಬೇರೆ. ಕೆಡವಲಾಗದ ಗೋಡೆಯೊಳಗಿಂದ ತಂತಿ ತೆಗೆದು ಹೊಸದು ಎಳೆಯಬೇಕು, ಪೈಪು ಮುಚ್ಚಿಹೋಗಿದ್ದರೆ ಗೋಡೆ ಕೊರೆದು ಮತ್ತೆ ಗಾರೆ, ಬಣ್ಣ ಎಲ್ಲ ಆಗಬೇಕು. ಆ ಖರ್ಚು ಚೌಕಾಸಿಯಲ್ಲಿ ಬರಲೇಬೇಕು. ಫ್ರಾನ್ಸಿನಲ್ಲಿ 15 ವರ್ಷ ದಾಟಿದ ವೈರಿಂಗ್ ಇರುವ ಮನೆ ಮಾರುವವರು 2009ರಿಂದ ತಪಾಸಣಾ ವರದಿ ಕೊಡಲೇಬೇಕು. ನಮ್ಮಲ್ಲಿ ಕ್ರಯಪತ್ರದ ಜೊತೆ ಅಂಥ ವರದಿ ಇಡುವ ರೂಢಿಯಿಲ್ಲ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಇದೆ. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ಮುಖ್ಯ ದೋಷವೊಂದು ಮಾರುವವರಿಗೆ ಗೊತ್ತಿದ್ದರೆ, ಬೇರೆ ಕರಾರು ಇಲ್ಲದಿದ್ದಾಗ ಅವರು ಅದನ್ನು ತಿಳಿಸಬೇಕು. ಗಾರೆಯ ಹಿಂದೆ ಉದುರುತ್ತಿರುವ ತಂತಿ ಅಂಥ ದೋಷವೇ ಎಂದು ನಾನು ನಂಬುತ್ತೇನೆ.

ಮಾರುವವರು ಮೊದಲೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಮೆಗ್ಗರ್ ಪರೀಕ್ಷೆ ಮಾಡಿಸಿ ಬರಹದಲ್ಲಿ ಪಡೆದಿಟ್ಟರೆ ಒಳ್ಳೆಯದು. ಉಪಕರಣಗಳನ್ನೆಲ್ಲ ಕಳಚಿ ತಂತಿಗೆ 500 ವೋಲ್ಟ್ ಕೊಟ್ಟು ಹೊದಿಕೆಯ ತಡೆ ಎಷ್ಟೆಂದು ಅಳೆಯುತ್ತಾರೆ. 1 ಮೆಗಾಓಮಿಗಿಂತ ಕೆಳಗಿಳಿದಿದ್ದರೆ ತಂತಿ ಬದಲಿಸುವ ಮಾತಾಡಬೇಕು. ಕೊಳ್ಳುವವರು ಅಷ್ಟರತನಕ ಕಾಯಬೇಕಿಲ್ಲ. ಕರೆಂಟು ಇರುವಾಗ, ಮನೆಯವರ ಒಪ್ಪಿಗೆ ಪಡೆದು, ಆರ್‌ಸಿಸಿಬಿಯ ಮೇಲೆ ಟಿ ಎಂದು ಬರೆದ ಗುಂಡಿ ಒತ್ತಲಿ. ಅದು ತಕ್ಷಣ ಬೀಳಬೇಕು. ಬೀಳದಿದ್ದರೆ, ಅಥವಾ ಒತ್ತಲು ಅಂಥ ಗುಂಡಿಯೇ ಬೋರ್ಡಿನಲ್ಲಿ ಇಲ್ಲದಿದ್ದರೆ, ಮುಂಗಡ ಕೊಡುವ ಮೊದಲು ತಂತಿಯ ವಯಸ್ಸು ಕೇಳಲಿ.