ಕಾರು ಕೆಮ್ಮಿದರೆ ಕಿವಿಗೊಡಿ

ಕುಕ್ಕರಿನ ಸೀಟಿ ಸರಿಯಾಗಿ ಬಾರದಿದ್ದರೆ ನೀವೇನು ಮಾಡುತ್ತೀರಿ? ಗ್ಯಾಸ್ಕೆಟ್ ನೋಡುತ್ತೀರಿ, ವೆಯಿಟ್ ತೊಳೆಯುತ್ತೀರಿ. ಮಿಕ್ಸಿಯ ಸದ್ದು ಬದಲಾದರೆ ಪಕ್ಕದ ಕೋಣೆಯಲ್ಲಿದ್ದರೂ ನಿಮಗೆ ತಿಳಿಯುತ್ತದೆ. ಅಂಗಳದಲ್ಲಿರುವ ಕಾರು ಸದ್ದು ಮಾಡಿದರೆ ಮಾತ್ರ "ಅದೆಲ್ಲ ಗಂಡಸರ ವಿಷಯ" ಎಂದು ಸುಮ್ಮನಾಗುತ್ತೇವೆ. ಹೋದ ಮಳೆಗಾಲದವರೆಗೆ ನಾನೂ ಹಾಗೆಯೇ ಇದ್ದೆ.

ನಮ್ಮದು ಹೊನ್ನಾವರ. ಮನೆಯಲ್ಲಿ ಹದಿನೈದು ವರ್ಷದ ಹಳೇ ಡೀಸೆಲ್ ಕಾರು. ಷೋಕಿಗೆ ಇಟ್ಟುಕೊಂಡದ್ದಲ್ಲ. ಉತ್ತರ ಕನ್ನಡದವರಿಗೆ ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕಲ್ಲ? ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಬೀದಿಗಿಳಿದದ್ದು ನಿಮಗೂ ನೆನಪಿರಬಹುದು. ನಮ್ಮ ಅತ್ತೆಯವರಿಗೆ ದಮ್ಮು. ತಿಂಗಳಿಗೊಮ್ಮೆ ಮಣಿಪಾಲ ತಪ್ಪಿದ್ದಲ್ಲ.

ಆಷಾಢದ ಒಂದು ಸಂಜೆ ಅಲ್ಲಿಂದ ವಾಪಸು ಬರುತ್ತಿದ್ದೆವು. ಭಟ್ಕಳ ದಾಟುತ್ತಲೇ ಇಂಜಿನ್ ಠಣಠಣ ಎನ್ನತೊಡಗಿತು. ಮಂಕಿಯ ಹತ್ತಿರ ಎರಡು ಸಲ ಕೆಮ್ಮಿತು. ಶರಾವತಿ ಸೇತುವೆಯ ಮೇಲೆ ನಿಂತೇಬಿಟ್ಟಿತು! ಹೊರಗೆ ಧೋ ಎಂದು ಮಳೆ, ಹಿಂದೆ ಲಾರಿಯ ಹಾರ್ನು, ಒಳಗೆ ಅತ್ತೆಯವರ ಏದುಸಿರು. ನಮ್ಮವರು ಆರೇಳು ಸಲ ಸೆಲ್ಫ್ ಹೊಡೆದ ಮೇಲೆ ಹೇಗೋ ಶುರುವಾಯಿತು. ಮನೆ ಮುಟ್ಟುವವರೆಗೆ ನನ್ನ ಜೀವ ಕೈಯಲ್ಲಿತ್ತು.

ಮರುದಿನ ತೋರಿಸಿದ ಗ್ಯಾರೇಜಿನಲ್ಲಿ ಐದು ನಿಮಿಷ ಕಿವಿಗೊಟ್ಟು, "ಇಂಜಿನ್ ಇಳಿಸಬೇಕು. 60,000 ರೂಪಾಯಿ ಆಗ್ತದೆ" ಅಂದರು. ನಮ್ಮವರ ಮುಖ ಬಾಡಿತು. ಆ ರಾತ್ರಿ ನನ್ನ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಡುವ ಮಾತೂ ಆಯಿತು. "ಹತ್ತು ದಿನ ತಡೀರಿ" ಎಂದೆ ನಾನು.

ಮಗು ಹುಷಾರಿಲ್ಲದಾಗ ಡಾಕ್ಟರು ಏನೇನು ಕೇಳುತ್ತಾರೆ? ಜ್ವರ ಯಾವಾಗ ಬಂತು, ರಾತ್ರಿ ಹೆಚ್ಚೋ ಹಗಲು ಹೆಚ್ಚೋ, ಏನು ತಿಂದಿತ್ತು. ಕಾರಿಗೂ ಅದನ್ನೇ ಮಾಡಿದೆ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ದಿನವೂ ಬರೆದೆ: ಟ್ಯಾಂಕಿನಲ್ಲಿ ಎಷ್ಟು ಡೀಸೆಲ್, ರಾತ್ರಿ ಎಲ್ಲಿ ನಿಲ್ಲಿಸಿದ್ದು, ತಣ್ಣಗಿದ್ದಾಗ ಸದ್ದೋ ಬಿಸಿಯಾದ ಮೇಲೋ, ಹೊಗೆಯ ಬಣ್ಣ ಯಾವುದು.

ಹತ್ತು ದಿನಕ್ಕೆ ಎರಡು ಸಂಗತಿ ಕಣ್ಣಿಗೆ ಬಿದ್ದವು. ಟ್ಯಾಂಕು ತುಂಬಿದ್ದ ದಿನ ಯಾವ ರಗಳೆಯೂ ಇಲ್ಲ, ಅರ್ಧಕ್ಕಿಂತ ಕೆಳಗಿಳಿದರೆ ಸದ್ದು ಮತ್ತು ನಿಲ್ಲುವುದು. ಇನ್ನೊಂದು, ಮನೆಯ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದ ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಸಾಕಾಗುತ್ತಿತ್ತು. ಅಂಗಡಿಯ ಮುಂದೆ ಸಮತಟ್ಟಿನಲ್ಲಿ ಬಿಟ್ಟಿದ್ದರೆ ಒಂದೇ ಸಲಕ್ಕೆ ಶುರು.

ಕುಮಟಾದಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಪುಸ್ತಕ ಓದಿ ನಕ್ಕರು. "ಅಕ್ಕಾ, ಅರ್ಧ ಕೆಲಸ ನೀವೇ ಮಾಡ್ಕಂಡು ಬಂದೀರಲ್ಲ! ಇದು ಗಾಳಿ ಹಿಡಿಯೋದು." ಫಿಲ್ಟರ್ ಮತ್ತು ಪಂಪಿನ ನಡುವೆ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ ಇಂಜಿನ್ ಶುರು ಮಾಡಿ ತೋರಿಸಿದರು. ಡೀಸೆಲ್ ಜೊತೆ ಗುಳ್ಳೆಗಳು ಓಡುತ್ತಿದ್ದವು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಗಟ್ಟಿಯಾಗಿ, ಕ್ಲಿಪ್ಪಿನ ಹತ್ತಿರ ಕೂದಲೆಳೆಯಷ್ಟು ಬಿರಿದಿತ್ತು.

ಎಳನೀರಿನ ಸ್ಟ್ರಾ ಸೀಳಿದ್ದರೆ ನೀರಿನ ಬದಲು ಗಾಳಿಯೇ ಬಾಯಿಗೆ ಬರುತ್ತದಲ್ಲ, ಹಾಗೆಯೇ ಇದು. ಹಳೆಯ ತರಹದ ಕಾರುಗಳಲ್ಲಿ ಮುಂದಿನ ಪಂಪು ಹಿಂದಿನ ಟ್ಯಾಂಕಿನಿಂದ ಡೀಸೆಲನ್ನು ಎಳೆದುಕೊಳ್ಳುತ್ತದೆ. ಟ್ಯಾಂಕು ಖಾಲಿಯಾದಷ್ಟೂ ಎಳೆಯುವುದು ಕಷ್ಟ, ಬಿರುಕಿನಿಂದ ಗಾಳಿ ನುಗ್ಗುವುದು ಹೆಚ್ಚು. ಮೂತಿ ಮೇಲಿದ್ದರೆ ರಾತ್ರಿಯೆಲ್ಲ ಡೀಸೆಲ್ ಹಿಂದಕ್ಕೆ ಜಾರುತ್ತದೆ. ಒಳಕ್ಕೆ ಎಳೆಯುವ ಪೈಪಾದ್ದರಿಂದ ಹೊರಗೆ ಒಂದು ಹನಿಯೂ ಸೋರದೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೈಪು, ಕ್ಲಿಪ್ಪು, ಹೊಸ ಫಿಲ್ಟರ್, ಕೂಲಿ ಸೇರಿ 850 ರೂಪಾಯಿ!

ಹಾಗಾದರೆ ಆ ಠಣಠಣ? ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಇಂಜಿನ್ ಇದು. ಪೆಟ್ರೋಲ್ ಇಂಜಿನ್ನಿನಂತೆ ಇದಕ್ಕೆ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಸೈಕಲ್ ಪಂಪು ಹೊಡೆದಾಗ ಬುಡ ಬಿಸಿಯಾಗುತ್ತದಲ್ಲ, ಹಾಗೆ ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ ಅದರೊಳಗೆ ಡೀಸೆಲ್ ಚಿಮುಕಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಸ್ವಲ್ಪ ಠಕಠಕ ಅದರ ಹುಟ್ಟುಗುಣ. ಗಾಳಿ ಸೇರಿ ಡೀಸೆಲ್ ಏರುಪೇರಾದರೆ ಸದ್ದು ಜೋರಾಗುತ್ತದೆ, ಇಂಜಿನ್ ನಡುಗುತ್ತದೆ, ಕಡೆಗೆ ನಿಲ್ಲುತ್ತದೆ.

ಆ ಹಿರಿಯರು ಹೇಳಿಕೊಟ್ಟ ಇನ್ನಷ್ಟು ವಿಷಯಗಳನ್ನು ನಿಮಗಾಗಿ ಬರೆದಿದ್ದೇನೆ.

ಕೀಂಯ್ ಎಂಬ ಕೀಚಲು: ಮಳೆಗಾಲದ ಬೆಳಿಗ್ಗೆ ಬಂದರೆ ಹೆಚ್ಚಾಗಿ ಬೆಲ್ಟು ಸಡಿಲಾಗಿದೆ ಅಥವಾ ಸವೆದಿದೆ.

ಟಿಕ್ ಟಿಕ್: ಮೇಲ್ಭಾಗದಿಂದ ಬಂದರೆ ಟ್ಯಾಪೆಟ್ ಇರಬಹುದು. ಮೊದಲು ಆಯಿಲ್ ಮಟ್ಟ ನೋಡಿಸಿ.

ಧಡ್ ಧಡ್: ಇಂಜಿನ್ನಿನ ಕೆಳಗಿನಿಂದ, ಏರು ಹತ್ತುವಾಗ ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ. ಬೇರಿಂಗ್ ಹೋಗಿರಬಹುದು.

ಕಪ್ಪು ಹೊಗೆ: ಏರ್ ಫಿಲ್ಟರ್ ಕಟ್ಟಿದೆ ಇಲ್ಲವೇ ನಾಝಲ್ ಕೆಟ್ಟಿದೆ. ನೀಲಿ ಹೊಗೆಯಾದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ತಣ್ಣನೆಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದರೆ ಚಿಂತೆಯಿಲ್ಲ. ನಿಲ್ಲದೆ ಬರುತ್ತಾ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ತಡಮಾಡಬೇಡಿ.

ಡೀಸೆಲ್ ಹಾಕಿಸಿದ ಕೂಡಲೇ ತೊಂದರೆ ಶುರುವಾದರೆ ಡೀಸೆಲಿನಲ್ಲಿ ನೀರು ಸೇರಿರಬಹುದು. ಫಿಲ್ಟರಿನ ಬುಡದಲ್ಲಿ ಶೇಖರವಾದ ನೀರನ್ನು ತೆಗೆಸಿ. ಬಿಲ್ಲು ಎಸೆಯಬೇಡಿ.

ಇನ್ನು ಕೆಲವು ಎಚ್ಚರಿಕೆಗಳು. ಆಯಿಲಿನ ಕೆಂಪು ದೀಪ ಹತ್ತಿದರೆ "ಮನೆಗೆ ಹೋಗಿ ನೋಡೋಣ" ಎನ್ನಬೇಡಿ, ಕೂಡಲೇ ಇಂಜಿನ್ ಆಫ್ ಮಾಡಿಸಿ. ನೆರೆನೀರಿನಲ್ಲಿ ನಿಂತ ಕಾರಿಗೆ ಮತ್ತೆ ಸೆಲ್ಫ್ ಹೊಡೆಯಲೇಬಾರದು. ಇಂಜಿನ್ ಒಳಗೆ ನೀರು ಹೋಗಿದ್ದರೆ ರಾಡು ಬಾಗುತ್ತದೆ. ಬಿಸಿ ರೇಡಿಯೇಟರಿನ ಮುಚ್ಚಳ, ಆವಿ ಇಳಿಯದ ಕುಕ್ಕರಿನ ಮುಚ್ಚಳ ಎರಡೂ ಒಂದೇ. ಹೊಸ ತರಹದ ಡೀಸೆಲ್ ಕಾರುಗಳ ಇಂಜಿನ್ ಪೈಪಿನಲ್ಲಿ ಟೈರಿನ ಗಾಳಿಗಿಂತ 500 ಪಟ್ಟಿಗೂ ಹೆಚ್ಚು ಒತ್ತಡವಿರುತ್ತದೆ. ಅದನ್ನು ಮನೆಯಲ್ಲಿ ಯಾರೂ ಸಡಿಲಿಸಬಾರದು, ಚಿಮ್ಮಿದ ಡೀಸೆಲ್ ಚರ್ಮವನ್ನೇ ಸೀಳೀತು. ದಾರಿಯಲ್ಲಿ ಇಂಜಿನ್ ನಿಂತರೆ ಸ್ಟೇರಿಂಗ್ ಭಾರವಾಗುತ್ತದೆ, ಬ್ರೇಕೂ ಗಟ್ಟಿಯಾಗುತ್ತದೆ. ಬ್ರೇಕನ್ನು ಪದೇ ಪದೇ ಒತ್ತದೆ ಒಂದೇ ಸಮನೆ ಬಲವಾಗಿ ಒತ್ತಿ ಎಡಕ್ಕೆ ತರಬೇಕು. ನಾಲ್ಕೂ ದೀಪ ಮಿಣುಕಿಸಲು ಹೇಳುವ ಕೆಲಸ ಪಕ್ಕದಲ್ಲಿ ಕೂತ ನಮ್ಮದೇ.

ರಿಪೇರಿ ಮಾಡುವವರು ಮೆಕ್ಯಾನಿಕ್ಕುಗಳೇ, ಸರಿ. ಆದರೆ ಅವರ ಹತ್ತಿರ ಕಾರು ಇರುವುದು ಅರ್ಧ ಗಂಟೆ, ನಮ್ಮ ಹತ್ತಿರ ಇರುವುದು ವರ್ಷಪೂರ್ತಿ. ಸದ್ದು ಯಾವಾಗ, ಎಲ್ಲಿ, ಹೇಗೆ ಎಂದು ನಾವು ಹೇಳದೆ ಹೋದರೆ ಅವರಾದರೂ ಏನು ಮಾಡಿಯಾರು? ದೊಡ್ಡ ಖರ್ಚು ಹೇಳಿದಾಗ ಇನ್ನೊಬ್ಬರಿಗೂ ತೋರಿಸಿ. ಅದರಲ್ಲಿ ಸಂಕೋಚವೇನೂ ಬೇಡ.

ಶ್ರಾವಣದಲ್ಲಿ ಮತ್ತೆ ಮಣಿಪಾಲಕ್ಕೆ ಹೋಗಿಬಂದೆವು. ಶರಾವತಿ ಸೇತುವೆ ಬಂದಾಗ ಅತ್ತೆಯವರು ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದರು. ನಾನು ಕಿವಿಗೊಟ್ಟು ಕೂತಿದ್ದೆ. ಟ್ಯಾಂಕಿನಲ್ಲಿ ಕಾಲುಭಾಗವೇ ಇದ್ದರೂ ಕಾರು ಒಮ್ಮೆಯೂ ಕೆಮ್ಮಲಿಲ್ಲ. ಬಳೆಗಳು ನನ್ನ ಕೈಯಲ್ಲೇ ಇದ್ದವು. ನಿಮ್ಮ ಮನೆಯ ಹಾಲಿನ ಲೆಕ್ಕದ ಪುಸ್ತಕದಲ್ಲೂ ಒಂದು ಪುಟವನ್ನು ಇವತ್ತೇ ಕಾರಿಗೆ ಬಿಟ್ಟುಕೊಡಿ.