ಪ್ರತಿ ತುತ್ತಿಗೂ ನೀರು ಕೇಳುವ ಮಗು: ಹಠವೋ, ಅಲರ್ಜಿಯೋ?

"ಊಟದ ನಡುವೆ ನೀರು ಕೊಡಬೇಡಿ, ಮಗುವಿನ ಹಠ ತಾನಾಗಿ ಇಳಿಯುತ್ತದೆ." ಇಂಥ ಸಲಹೆ ನಂಬುವ ಮುನ್ನ ಸ್ವಲ್ಪ ತಾಳಿ. ಕೆಲವು ಮಕ್ಕಳಿಗೆ ನೀರಿಲ್ಲದೆ ತುತ್ತು ಕೆಳಗಿಳಿಯುವುದೇ ಇಲ್ಲ.

ಈ ಕಾಯಿಲೆಗೆ ಇಯೋಸಿನೊಫಿಲಿಕ್ ಈಸೊಫೆಜೈಟಿಸ್ ಎಂದು ಹೆಸರು. ಸರಳವಾಗಿ, ಅನ್ನನಾಳದ ಅಲರ್ಜಿ. ಹಾಲು, ಗೋಧಿ, ಮೊಟ್ಟೆಯಂಥ ಆಹಾರದ ಪ್ರೊಟೀನ್ ಒಗ್ಗದೆ, ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಅನ್ನನಾಳದ ಒಳಪದರದಲ್ಲಿ ಸೇರಿ ಊತ ತರುತ್ತವೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ನಾಳ ಕಿರಿದಾಗಬಹುದು. ಚಿಕ್ಕ ಮಕ್ಕಳು ವಾಂತಿ ಮಾಡುತ್ತಾರೆ, ಊಟ ಬೇಡ ಎನ್ನುತ್ತಾರೆ. ದೊಡ್ಡ ಮಕ್ಕಳು ತುಂಬಾ ಹೊತ್ತು ಅಗಿಯುತ್ತಾರೆ, ಚಪಾತಿ, ಮಾಂಸ ಕಂಡರೆ ಹಿಂಜರಿಯುತ್ತಾರೆ.

ಇದನ್ನು ಬಹುಕಾಲ ಆ್ಯಸಿಡಿಟಿ ಎಂದೇ ತಿಳಿಯಲಾಗಿತ್ತು. 1995ರಲ್ಲಿ ಅಮೆರಿಕದ ವೈದ್ಯರು ಆ್ಯಸಿಡಿಟಿ ಚಿಕಿತ್ಸೆಗೆ ಬಗ್ಗದ 10 ಮಕ್ಕಳಿಗೆ ಮಾಮೂಲಿ ಆಹಾರ ನಿಲ್ಲಿಸಿ ಅಮೈನೊ ಆಮ್ಲಗಳ ವಿಶೇಷ ಆಹಾರ ಕೊಟ್ಟರು. 8 ಮಕ್ಕಳ ತೊಂದರೆ ಪೂರ್ತಿ ಹೋಯಿತು, ಇಬ್ಬರದು ಕಡಿಮೆಯಾಯಿತು.

ಚರ್ಮದ ಅಲರ್ಜಿ ಪರೀಕ್ಷೆ ಇಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ಎಂಡೋಸ್ಕೋಪಿ ಮಾಡಿ, ಚೂರು ಅಂಗಾಂಶ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಚಿಕಿತ್ಸೆ ಎಂದರೆ ಆ್ಯಸಿಡ್ ತಗ್ಗಿಸುವ ಔಷಧ (ಹೌದು, ಅದೂ ಕೆಲವರಿಗೆ ಕೆಲಸ ಮಾಡುತ್ತದೆ), ನುಂಗುವ ಸ್ಟೆರಾಯ್ಡ್, ಇಲ್ಲವೇ ಆಹಾರ ಬದಲಾವಣೆ. ಹಾಗೆಂದು ಇವತ್ತೇ ಹಾಲು ನಿಲ್ಲಿಸಬೇಡಿ. ಬೆಳೆಯುವ ಮಗುವಿನ ಪೋಷಣೆ ಕೆಡುತ್ತದೆ, ಪರೀಕ್ಷೆಯಲ್ಲೂ ಕಾಯಿಲೆ ಮರೆಯಾಗಬಹುದು.

ಊಟ ಸಿಕ್ಕಿಕೊಂಡು ಮಗುವಿಗೆ ಎಂಜಲೂ ನುಂಗಲಾಗದಿದ್ದರೆ ಬಾಳೆಹಣ್ಣು, ಅನ್ನದ ಉಂಡೆ ತುರುಕಬೇಡಿ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ.